ಮೀನಿನ ಹಾರ್ಮೋನು ಕೆಟ್ಟರೂ ನಮ್ಮ ಕೆರೆಗಳಲ್ಲಿ ಏಕೆ ಗೊತ್ತಾಗುವುದಿಲ್ಲ

ಜುಲೈ 10 ನಮ್ಮ ದೇಶದಲ್ಲಿ ಮೀನು ಕೃಷಿಕರ ದಿನ. 1957ರಲ್ಲಿ ಅದೇ ದಿನ ಕಟಕ್‌ನಲ್ಲಿ ಹೀರಾಲಾಲ್ ಚೌಧರಿ ಮತ್ತು ಸಂಗಡಿಗರು ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯನ್ನು ಅರೆದು, ಅದರ ಸಾರವನ್ನು ಇನ್ನೊಂದು ಮೀನಿಗೆ ಚುಚ್ಚಿ, ನಿಂತ ನೀರಿನಲ್ಲೇ ಮೊಟ್ಟೆ ಇಡಿಸಿದರು. ಹೊಳೆಗೆ ಮುಂಗಾರಿನ ಹೊಸ ನೀರು ಬರದ ಹೊರತು ಮರಿ ಮಾಡದ ಕಟ್ಲಾ, ರೋಹು, ಮೃಗಾಲ್ ಮನುಷ್ಯರ ಕೈಗೆ ಸಿಕ್ಕಿದ್ದು ಹಾಗೆ. ಇವತ್ತು ನಮ್ಮ ಮೀನುಮರಿ ಉತ್ಪಾದನಾ ಕೇಂದ್ರಗಳಲ್ಲಿ ನಡೆಯುವುದೂ ಅದೇ ಕೆಲಸ. ಗ್ರಂಥಿ ಅರೆಯುವ ಬದಲು ಸಿದ್ಧ ಇಂಜೆಕ್ಷನ್ ಬಂದಿದೆ, ಅಷ್ಟೆ. ಸಂಜೆ ಚುಚ್ಚಿದರೆ ಬೆಳಗಾಗುವುದರೊಳಗೆ ಮೊಟ್ಟೆ. ಇನ್ನು ಜಿಲೇಬಿ ಮೀನು ಅಂತ ಮಾರುಕಟ್ಟೆಯಲ್ಲಿ ಸಿಗುವ ತಿಲಾಪಿಯದ ಕಥೆ ಇನ್ನೂ ಸೋಜಿಗ: ಒಂದು ಕಿಲೊ ಮೇವಿಗೆ 60 ಮಿಲಿಗ್ರಾಂ ಮೀಥೈಲ್ ಟೆಸ್ಟೊಸ್ಟೆರೋನ್ ಬೆರೆಸಿ ಎಳೆ ಮರಿಗಳಿಗೆ ಮೂರು-ನಾಲ್ಕು ವಾರ ತಿನ್ನಿಸಿದರೆ ಹೆಚ್ಚುಕಮ್ಮಿ ಎಲ್ಲವೂ ಗಂಡಾಗಿ ಬೆಳೆಯುತ್ತವೆ.

ಹಾಗಾಗಿ ಮೀನಿನ ದೇಹ ಎಷ್ಟು ಅಲ್ಪ ಹಾರ್ಮೋನಿಗೆ ಓಗೊಡುತ್ತದೆ ಎಂಬುದನ್ನು ಮೀನುಮರಿ ಕೇಂದ್ರದಲ್ಲಿ ಕೆಲಸ ಮಾಡುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಅಳತೆಯಿದೆ, ಗೊತ್ತಾದ ಸಮಯವಿದೆ, ಚುಚ್ಚುವ ಕೈಯಿದೆ. ಯಾರೂ ಅಳೆಯದ, ವರ್ಷವಿಡೀ ನಿಲ್ಲದೆ ಚರಂಡಿಯಲ್ಲಿ ಹರಿದು ಬರುವ ಔಷಧ ಅದೇ ಮೀನಿನ ಮೈ ಸೇರಿದರೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಅದಕ್ಕೆ ಅತ್ಯಂತ ನೇರವಾದ ಉತ್ತರ ಸಿಕ್ಕಿದ್ದು ಕೆನಡಾದಲ್ಲಿ. ಒಂಟಾರಿಯೊ ಪ್ರಾಂತ್ಯದ ವಾಯವ್ಯ ಮೂಲೆಯಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಸರೋವರಗಳಿವೆ. ಅವುಗಳನ್ನು ಸಂಖ್ಯೆಯಿಂದಲೇ ಗುರುತಿಸುತ್ತಾರೆ. ಕರೆನ್ ಕಿಡ್ ನೇತೃತ್ವದ ತಂಡ 260ನೇ ಸರೋವರಕ್ಕೆ 2001ರಿಂದ 2003ರವರೆಗೆ ಮೂರು ಬೇಸಿಗೆ ಎಥಿನೈಲ್ ಎಸ್ಟ್ರಡಯಾಲ್ ಹಾಕಿತು. ಗರ್ಭನಿರೋಧಕ ಮಾತ್ರೆಗಳಲ್ಲಿರುವ ಕೃತಕ ಸ್ತ್ರೀ ಹಾರ್ಮೋನು ಇದು. ಲೀಟರಿಗೆ ಐದಾರು ನ್ಯಾನೊಗ್ರಾಂ ಇರುವಂತೆ ನೋಡಿಕೊಂಡರು. ಲೆಕ್ಕ ಹಾಕಿದರೆ ಇಪ್ಪತ್ತು ಕೋಟಿ ಲೀಟರ್ ನೀರಿಗೆ ಒಂದು ಗ್ರಾಂ.

ಆ ಸರೋವರದಲ್ಲಿ ಫ್ಯಾಟ್‌ಹೆಡ್ ಮಿನ್ನೋ ಎಂಬ ಬೆರಳುದ್ದದ ಮೀನು ಹೇರಳವಾಗಿತ್ತು. ಔಷಧ ಬಿದ್ದ ಮೊದಲ ಬೇಸಿಗೆಯಲ್ಲೇ ಗಂಡು ಮೀನುಗಳ ದೇಹದಲ್ಲಿ ವೈಟೆಲೊಜೆನಿನ್ ಎಂಬ ಪ್ರೋಟೀನು ತುಂಬಿಕೊಂಡಿತು. ಮೊಟ್ಟೆಯೊಳಗಿನ ಭಂಡಾರಕ್ಕೆ ಬೇಕಾದ ಕಚ್ಚಾಮಾಲು ಅದು. ಹೆಣ್ಣು ಮೀನಿನ ಯಕೃತ್ತು ಅದನ್ನು ತಯಾರಿಸುತ್ತದೆ. ಗಂಡಿನ ಯಕೃತ್ತಿಗೂ ಅದನ್ನು ಮಾಡುವ ಜೀನ್ ಇದೆ, ಆದರೆ ಎಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನಿನ ಅಪ್ಪಣೆಯಿಲ್ಲದೆ ಅದು ಸುಮ್ಮನಿರುತ್ತದೆ. ನೀರಿನಲ್ಲಿ ಅಪ್ಪಣೆ ಬಂದ ಮೇಲೆ ಮೊಟ್ಟೆಯೇ ಇಡಲಾಗದ ಗಂಡು ಮೀನುಗಳು ಮೊಟ್ಟೆಯ ಸಾಮಗ್ರಿ ತಯಾರಿಸುತ್ತ ತಮ್ಮ ಶಕ್ತಿ ಕಳೆದುಕೊಂಡವು. ವೃಷಣಗಳ ಬೆಳವಣಿಗೆ ಕುಂಠಿತವಾಯಿತು, ಕೆಲವದರ ವೃಷಣದೊಳಗೆ ಅಂಡಾಣುಗಳು ಕಾಣಿಸಿದವು. ಹೆಣ್ಣುಗಳ ಅಂಡಾಶಯವೂ ಸರಿಯಾಗಿ ಮಾಗಲಿಲ್ಲ. ನಂತರದ ವರ್ಷಗಳಲ್ಲಿ ಮರಿಗಳೇ ಕಾಣೆಯಾದವು. ಈ ಮೀನಿನ ಆಯಸ್ಸು ಎರಡು-ಮೂರು ವರ್ಷ. ಒಂದೆರಡು ವರ್ಷ ಮರಿಯಾಗದಿದ್ದರೆ ಸಂತತಿ ಮುಗಿದಂತೆ. ಹಾಗೇ ಆಯಿತು, ಸರೋವರದಲ್ಲಿ ಮಿನ್ನೋ ಬಹುತೇಕ ಅಳಿಯಿತು. ಅದನ್ನು ತಿಂದು ಬದುಕುತ್ತಿದ್ದ ದೊಡ್ಡ ಟ್ರೌಟ್ ಮೀನುಗಳ ಸಂಖ್ಯೆಯೂ ಇಳಿಯಿತು. ಔಷಧ ಹಾಕುವುದನ್ನು ನಿಲ್ಲಿಸಿ ಮೂರು-ನಾಲ್ಕು ವರ್ಷವಾದ ಮೇಲೆ ಮಿನ್ನೋ ಮತ್ತೆ ಚೇತರಿಸಿಕೊಂಡಿತು ಎಂಬುದೊಂದು ಸಮಾಧಾನ.

ಈ ಮೂರು ವರ್ಷಗಳಲ್ಲಿ ಒಂದು ದಿನವೂ ಸರೋವರದ ಮೇಲೆ ಸತ್ತ ಮೀನುಗಳ ರಾಶಿ ತೇಲಲಿಲ್ಲ ಎಂಬುದನ್ನು ಗಮನಿಸಬೇಕು. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗ ಪತ್ರಿಕೆಗಳಲ್ಲಿ ಫೋಟೊ ಬಂತು, ಅಧಿಕಾರಿಗಳು ಓಡಿಬಂದರು. ಆಮ್ಲಜನಕ ಕಡಿಮೆಯಾದರೆ ಮೀನು ಸಾಯುತ್ತದೆ, ನಾತ ಬರುತ್ತದೆ. ಹಾರ್ಮೋನು ಕೆಟ್ಟರೆ ಮೀನು ಬದುಕಿಯೇ ಇರುತ್ತದೆ, ಮೈಕೈ ತುಂಬಿಕೊಂಡೇ ಇರುತ್ತದೆ. ಮರಿ ಹುಟ್ಟುವುದಿಲ್ಲ, ಅಷ್ಟೆ. ಹುಟ್ಟದ ಮರಿಯ ಫೋಟೊ ಯಾರು ತೆಗೆಯುತ್ತಾರೆ?

ಇಷ್ಟು ಸಣ್ಣ ಪ್ರಮಾಣ ಇಷ್ಟು ದೊಡ್ಡ ಕೆಲಸ ಮಾಡುವುದಕ್ಕೆ ಕಾರಣ ಔಷಧದ ಗುಣದಲ್ಲೇ ಇದೆ. ನಮ್ಮ ದೇಹದ ಸಹಜ ಎಸ್ಟ್ರೊಜೆನ್ ಅನ್ನು ಬಾಯಿಂದ ನುಂಗಿದರೆ ಯಕೃತ್ತು ಅದನ್ನು ಬೇಗನೆ ಒಡೆದುಹಾಕುತ್ತದೆ. 1938ರಲ್ಲಿ ಬರ್ಲಿನ್‌ನ ಶೆರಿಂಗ್ ಕಂಪನಿಯಲ್ಲಿ ಅದಕ್ಕೊಂದು ಎಥಿನೈಲ್ ಕೊಂಡಿ ಸೇರಿಸಿದರು. ಯಕೃತ್ತಿಗೆ ಅದನ್ನು ಒಡೆಯುವುದು ಕಷ್ಟವಾಯಿತು, ಮಾತ್ರೆ ಸಾಧ್ಯವಾಯಿತು. ಯಾವ ಗಟ್ಟಿತನ ಅದನ್ನು ಒಳ್ಳೆಯ ಔಷಧ ಮಾಡಿತೋ ಅದೇ ಗಟ್ಟಿತನ ನೀರಿನಲ್ಲಿ ಅದನ್ನು ಹೆಚ್ಚು ಕಾಲ ಉಳಿಸುತ್ತದೆ. ಜೊತೆಗೆ ಜೀವಕೋಶದಲ್ಲಿ ಎಸ್ಟ್ರೊಜೆನ್ ಅನ್ನು ಹಿಡಿದುಕೊಳ್ಳುವ ಗ್ರಾಹಕಗಳು ಮೀನಿನಲ್ಲೂ ಮನುಷ್ಯರಲ್ಲೂ ಬಹಳ ಹೋಲುತ್ತವೆ. ಮನುಷ್ಯರಿಗಾಗಿ ಮಾಡಿದ ಕೀಲಿ ಮೀನಿನ ಬೀಗಕ್ಕೂ ಹೊಂದುತ್ತದೆ.

ಇನ್ನೊಂದು ಸಂಗತಿ ಚರಂಡಿಯೊಳಗೆ ನಡೆಯುತ್ತದೆ. ನಾವು ಮೂತ್ರದಲ್ಲಿ ಹೊರಹಾಕುವ ಹಾರ್ಮೋನಿಗೆ ಯಕೃತ್ತು ಗ್ಲುಕ್ಯುರೊನಿಕ್ ಆಮ್ಲವನ್ನೋ ಸಲ್ಫೇಟನ್ನೋ ಜೋಡಿಸಿ ಅದರ ಹಲ್ಲು ಕಿತ್ತಿರುತ್ತದೆ. ಮಲದಲ್ಲಿ ಯಥೇಚ್ಛವಾಗಿರುವ ಇ-ಕೋಲೈ ಬ್ಯಾಕ್ಟೀರಿಯಾದ ಬಳಿ ಗ್ಲುಕ್ಯುರೊನಿಕ್ ಆಮ್ಲದ ಈ ಜೋಡಣೆಯನ್ನು ಕತ್ತರಿಸುವ ಕಿಣ್ವ ಇದೆ. ಮನೆಯಿಂದ ಕೊಳಚೆ ಸಂಸ್ಕರಣಾ ಘಟಕ ತಲುಪುವಷ್ಟರಲ್ಲಿ ನಿಷ್ಕ್ರಿಯವಾಗಿದ್ದ ಹಾರ್ಮೋನಿನ ಒಂದು ಪಾಲು ಮತ್ತೆ ಸಕ್ರಿಯವಾಗಿರುತ್ತದೆ.

ಈ ಇಡೀ ವಿಷಯ ಹೊರಬಿದ್ದಿದ್ದು ಇಂಗ್ಲೆಂಡಿನಲ್ಲಿ. ಕೊಳಚೆ ಘಟಕಗಳ ಕೆಳಹರಿವಿನಲ್ಲಿ ಸಿಕ್ಕ ರೋಚ್ ಎಂಬ ಮೀನುಗಳ ಜನನಾಂಗ ವಿಚಿತ್ರವಾಗಿದ್ದದ್ದು ಮೊದಲ ಸುಳಿವು. 1990ರ ದಶಕದಲ್ಲಿ ಜಾನ್ ಸಂಪ್ಟರ್, ಸೂಸನ್ ಜೋಬ್ಲಿಂಗ್, ಚಾರ್ಲ್ಸ್ ಟೈಲರ್ ಮೊದಲಾದವರು ಘಟಕಗಳ ನೀರಿನಲ್ಲಿ ಪಂಜರ ಇಟ್ಟು ಗಂಡು ಟ್ರೌಟ್ ಮೀನು ಬಿಟ್ಟರು. ವಾರಗಳೊಳಗೆ ಅವುಗಳ ರಕ್ತದಲ್ಲಿ ವೈಟೆಲೊಜೆನಿನ್ ಬಂತು. 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವು ನದಿ ತಾಣಗಳಲ್ಲಿ ಹಿಡಿದ ಗಂಡು ರೋಚ್‌ಗಳೆಲ್ಲವೂ ಒಂದಲ್ಲ ಒಂದು ಮಟ್ಟದಲ್ಲಿ ಹೆಣ್ಣಿನ ಲಕ್ಷಣ ತಾಳಿದ್ದವು. ಆದರೆ ಇಂಗ್ಲೆಂಡಿನ ಕಥೆ ಕೆನಡಾದಂತೆ ಮುಗಿಯಲಿಲ್ಲ. ಸ್ವಲ್ಪ ಮಾತ್ರ ಬದಲಾದ ಗಂಡುಗಳು ಸಂತಾನ ಪಡೆಯುತ್ತವೆ, ತೀವ್ರವಾಗಿ ಬದಲಾದವು ಹಿಂದೆ ಬೀಳುತ್ತವೆ, ಹಲವು ಕಡೆ ಮೀನಿನ ಸಂತತಿ ಹೇಗೋ ತನ್ನನ್ನು ಉಳಿಸಿಕೊಂಡಿದೆ ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ‘ನದಿಗಳಲ್ಲಿ ಮೀನೆಲ್ಲ ಹೆಣ್ಣಾಗುತ್ತಿವೆ’ ಎಂಬ ಅಬ್ಬರದ ತಲೆಬರಹಗಳನ್ನು ಓದುವಾಗ ಇದು ನೆನಪಿರಲಿ.

ಎಸ್ಟ್ರೊಜೆನ್ ಒಂದೇ ಅಲ್ಲ. ಲೆವೊನಾರ್‌ಜೆಸ್ಟ್ರೆಲ್ ನಮ್ಮಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುವ ತುರ್ತು ಗರ್ಭನಿರೋಧಕ ಮಾತ್ರೆಯ ಸಾರ. ಒಂದು ಮಾತ್ರೆಯಲ್ಲಿ 1.5 ಮಿಲಿಗ್ರಾಂ. ಪ್ರಯೋಗಾಲಯದಲ್ಲಿ ಲೀಟರಿಗೆ ಒಂದು ನ್ಯಾನೊಗ್ರಾಂಗಿಂತ ಕಡಿಮೆಯಿದ್ದಾಗಲೇ ಮಿನ್ನೋ ಮೀನುಗಳು ಇಡುವ ಮೊಟ್ಟೆ ಕಡಿಮೆಯಾಯಿತು. ಸ್ವೀಡನ್ನಿನಲ್ಲಿ ಸಂಸ್ಕರಿತ ಕೊಳಚೆ ನೀರಿನಲ್ಲಿ ಇರಿಸಿದ್ದ ಟ್ರೌಟ್ ಮೀನಿನ ರಕ್ತದಲ್ಲಿ, ಮಾತ್ರೆ ನುಂಗುವ ಮಹಿಳೆಯ ರಕ್ತದಲ್ಲಿರುವುದಕ್ಕಿಂತ ಹೆಚ್ಚು ಲೆವೊನಾರ್‌ಜೆಸ್ಟ್ರೆಲ್ ಸಿಕ್ಕಿತು. ಇನ್ನೊಂದು, ನಮಗೆ ಹೆಚ್ಚು ಹತ್ತಿರದ್ದು, ಮೆಟ್‌ಫಾರ್ಮಿನ್. ಸಕ್ಕರೆ ಕಾಯಿಲೆಯ ಈ ಮಾತ್ರೆ ಹಾರ್ಮೋನೇ ಅಲ್ಲ. ಆದರೆ ದಿನಕ್ಕೆ ಒಂದೆರಡು ಗ್ರಾಂವರೆಗೆ ನುಂಗುತ್ತಾರೆ, ಅದು ದೇಹದಲ್ಲಿ ಒಡೆಯದೆ ಹಾಗೇ ಮೂತ್ರದಲ್ಲಿ ಹೋಗುತ್ತದೆ. 2015ರಲ್ಲಿ ವಿಸ್ಕಾನ್ಸಿನ್‌ನ ಸಂಶೋಧಕರು ಲೀಟರಿಗೆ 40 ಮೈಕ್ರೊಗ್ರಾಂ ಮೆಟ್‌ಫಾರ್ಮಿನ್‌ನಲ್ಲಿ ಬೆಳೆಸಿದ ಗಂಡು ಮಿನ್ನೋಗಳ ವೃಷಣದಲ್ಲಿ ಅಂಡಾಣು ಕಂಡರು. ಎಲ್ಲ ಪ್ರಯೋಗಾಲಯಗಳಿಗೂ ಅದೇ ಫಲಿತಾಂಶ ಸಿಕ್ಕಿಲ್ಲ, ಚರ್ಚೆ ಇನ್ನೂ ಮುಗಿದಿಲ್ಲ. ಆದರೂ 10 ಕೋಟಿಗೂ ಹೆಚ್ಚು ಮಧುಮೇಹಿಗಳಿರುವ ದೇಶದಲ್ಲಿ ಈ ಚರ್ಚೆ ನಡೆಯದೆ ಇನ್ನೆಲ್ಲಿ ನಡೆಯಬೇಕು?

ಇಲ್ಲಿಯವರೆಗಿನದು ಮನೆಯ ಬಚ್ಚಲಿನಿಂದ ಬರುವ ಔಷಧದ ಮಾತು. ಕಾರ್ಖಾನೆಯ ಮಾತೇ ಬೇರೆ, ಅಲ್ಲಿ ನ್ಯಾನೊಗ್ರಾಂ ಲೆಕ್ಕ ಇರುವುದಿಲ್ಲ. ಫ್ರಾನ್ಸಿನ ವೆರ್ತೊಲೇ ಎಂಬ ಊರಿನಲ್ಲಿ ಸ್ಟೀರಾಯ್ಡ್ ಔಷಧ ತಯಾರಿಸುವ ಕಾರ್ಖಾನೆಯ ಕೆಳಗೆ ದೋರ್ ನದಿಯಲ್ಲಿ ಹಿಡಿದ ಗಜನ್ ಮೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಗಂಡು-ಹೆಣ್ಣು ಎರಡೂ ಲಕ್ಷಣ ಹೊಂದಿದ್ದವು ಎಂದು 2011ರಲ್ಲಿ ವರದಿಯಾಯಿತು. ಮೇಲ್ಹರಿವಿನಲ್ಲಿ ಅಂಥವು ವಿರಳ. ನಮ್ಮ ಪಕ್ಕದ ಪಟಾಂಚೆರುವಿನ ಸಂಗತಿ ಇನ್ನೂ ಪ್ರಸಿದ್ಧ. ಹೈದರಾಬಾದ್ ಬಳಿಯ ಈ ಕೈಗಾರಿಕಾ ಪ್ರದೇಶದಲ್ಲಿ ಸುಮಾರು 90 ಔಷಧ ತಯಾರಕರ ತ್ಯಾಜ್ಯ ನೀರು ಸೇರುವ ಸಂಸ್ಕರಣಾ ಘಟಕದ ಹೊರಹರಿವನ್ನು ಗೋಥೆನ್‌ಬರ್ಗ್‌ನ ಜೋಕಿಮ್ ಲಾರ್ಸನ್ ತಂಡ ಪರೀಕ್ಷಿಸಿತು. 2007ರ ಅವರ ವರದಿಯ ಪ್ರಕಾರ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇತ್ತು. ದಿನಕ್ಕೆ ಸುಮಾರು 45 ಕಿಲೊ. ಸ್ವೀಡನ್ ದೇಶ ಐದು ದಿನ ನುಂಗುವಷ್ಟು ಔಷಧ ಇಲ್ಲಿ ಒಂದೇ ದಿನ ಹಳ್ಳ ಸೇರುತ್ತಿತ್ತು. ಆ ನೀರನ್ನು ಐನೂರು ಪಟ್ಟು ತೆಳುಗೊಳಿಸಿದರೂ ಅದರಲ್ಲಿ ಬೆಳೆದ ಕಪ್ಪೆಮರಿಗಳ ಬೆಳವಣಿಗೆ ಶೇ 40ರಷ್ಟು ಕುಗ್ಗಿತು. ಸಿಪ್ರೊಫ್ಲಾಕ್ಸಸಿನ್ ಆಂಟಿಬಯಾಟಿಕ್, ಹಾರ್ಮೋನಲ್ಲ. ಜಗತ್ತು ಬೆಚ್ಚಿದ್ದು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದ ಭಯದಿಂದ. ಮೀನಿನ ಹಾರ್ಮೋನಿನ ವಿಷಯ ಆ ಭಯದ ನೆರಳಿನಲ್ಲಿ ಉಳಿದುಹೋಯಿತು. ಬೀದರ್‌ನ ಕೊಳಾರ ಮತ್ತು ಯಾದಗಿರಿ ಜಿಲ್ಲೆಯ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಗಳ ಸುತ್ತಲಿನ ಹಳ್ಳಿಗಳವರು ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳ ನಾತ, ನೀರಿನ ಬಗ್ಗೆ ದೂರುತ್ತಲೇ ಬಂದಿದ್ದಾರೆ. ಆ ದೂರುಗಳಲ್ಲಿ ಮೂಗಿಗೆ ಬಡಿಯುವುದಕ್ಕೆ ಜಾಗವಿದೆ. ಲೀಟರಿಗೆ ಐದು ನ್ಯಾನೊಗ್ರಾಂ ಹಾರ್ಮೋನಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಹಾಗಾದರೆ ಬೆಂಗಳೂರಿನ ಕೊಳಚೆಯ ಕಥೆಯೇನು? ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರನ್ನು ಎರಡನೇ ಹಂತದವರೆಗೆ, ಅಂದರೆ ಬ್ಯಾಕ್ಟೀರಿಯಾದಿಂದ ಕೊಳೆ ಒಡೆಸುವವರೆಗೆ ಸಂಸ್ಕರಿಸಿ, 2018ರಿಂದ ಕೋಲಾರದ ಲಕ್ಷ್ಮೀಸಾಗರ ಕೆರೆಗೆ, ಅಲ್ಲಿಂದ ಮುಂದಿನ ಕೆರೆಗಳಿಗೆ ಹರಿಸಲಾಗುತ್ತಿದೆ. ಗುರಿ ದಿನಕ್ಕೆ 44 ಕೋಟಿ ಲೀಟರ್. ಬತ್ತಿದ್ದ ಕೆರೆಗಳಲ್ಲಿ ನೀರು ನಿಂತಿತು, ಕೊಳವೆಬಾವಿಗಳು ತುಂಬಿದವು, ಮೀನು ಸಾಕಣೆಯೂ ನಡೆಯಿತು. ಮೂರನೇ ಹಂತದ ಸಂಸ್ಕರಣೆ ಬೇಕೆಂಬ ಕೂಗು ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೆ ಹೋಗಿಬಂತು.

ಒಂದು ಲೆಕ್ಕ ಮಾಡೋಣ. 44 ಕೋಟಿ ಲೀಟರ್ ನೀರಿನಲ್ಲಿ 260ನೇ ಸರೋವರದ ಮಟ್ಟ ಮುಟ್ಟಲು ದಿನಕ್ಕೆ ಎರಡು ಗ್ರಾಂಗಿಂತ ತುಸು ಹೆಚ್ಚು ಎಥಿನೈಲ್ ಎಸ್ಟ್ರಡಯಾಲ್ ಸಾಕು. ಸರ್ಕಾರ ಹಂಚುವ ಮಾಲಾ-ಎನ್ ಮಾತ್ರೆಯೊಂದರಲ್ಲಿ ಇರುವುದು 0.03 ಮಿಲಿಗ್ರಾಂ, ಹಾಗಾಗಿ ಸುಮಾರು 73 ಸಾವಿರ ಮಾತ್ರೆಗಳ ಸಾರ ಪೂರ್ತಿ ಹಾಗೇ ಹರಿದು ಬರಬೇಕು. ದೇಹದಿಂದ ಒಂದು ಪಾಲು ಮಾತ್ರ ಹೊರಬರುತ್ತದೆ, ಘಟಕದಲ್ಲಿ ಇನ್ನೊಂದಿಷ್ಟು ಕಳೆಯುತ್ತದೆ. ಜೊತೆಗೆ ನಮ್ಮಲ್ಲಿ ಮಾತ್ರೆ ನುಂಗುವವರೇ ಕಡಿಮೆ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ ವಿವಾಹಿತ ಮಹಿಳೆಯರ ಪೈಕಿ ಸುಮಾರು ಶೇ 5. ಕರ್ನಾಟಕದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡವರು. ಹೀಗಾಗಿ ಮಾತ್ರೆಯೊಂದರಿಂದಲೇ ಕೋಲಾರದ ಕೆರೆ ಕೆನಡಾದ ಸರೋವರವಾಗಲಿಕ್ಕಿಲ್ಲ. ಆದರೆ ಲೆಕ್ಕದ ಇನ್ನೊಂದು ತುದಿ ಅಷ್ಟು ನಿರಾಳವಾಗಿಲ್ಲ. ಯುರೋಪಿನ ಆಯೋಗ 2012ರಲ್ಲಿ ಪ್ರಸ್ತಾಪಿಸಿದ ಸುರಕ್ಷಿತ ಮಿತಿ ಲೀಟರಿಗೆ 0.035 ನ್ಯಾನೊಗ್ರಾಂ. ಆ ಮಿತಿ ದಾಟಲು ಐನೂರಕ್ಕಿಂತ ತುಸು ಹೆಚ್ಚು ಮಾತ್ರೆಗಳಷ್ಟು ಸಾರ ಸಾಕು.

ಇದರಿಂದ ಮಹಿಳೆಯರ ಕಡೆ ಬೆರಳು ತೋರಿಸುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಅದು ಅನ್ಯಾಯ ಮಾತ್ರವಲ್ಲ, ತಪ್ಪು ಲೆಕ್ಕ ಕೂಡ. ಕೊಳಚೆಯ ಎಸ್ಟ್ರೊಜೆನ್‌ನಲ್ಲಿ ತೂಕದ ಪ್ರಕಾರ ಬಹುಪಾಲು ಮನುಷ್ಯರ ದೇಹದ ಸಹಜ ಹಾರ್ಮೋನು, ಗಂಡಸರದ್ದೂ ಸೇರಿ. ದನಕರುಗಳ ಗಂಜಲದಲ್ಲೂ ಅದು ಇದೆ. ಅವು ಕೃತಕ ಹಾರ್ಮೋನಿನಷ್ಟು ಬಲಶಾಲಿಯಲ್ಲ, ಬೇಗ ಒಡೆಯುತ್ತವೆ, ಆದರೆ ಒಡೆಯುವುದಕ್ಕೆ ಸಂಸ್ಕರಣೆಯಾದರೂ ಆಗಬೇಕಲ್ಲ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020–21ರ ಲೆಕ್ಕದಲ್ಲಿ ನಗರಗಳು ದಿನಕ್ಕೆ 7,236 ಕೋಟಿ ಲೀಟರ್ ಕೊಳಚೆ ಹೊರಹಾಕುತ್ತವೆ, ನಿಜವಾಗಿ ಸಂಸ್ಕರಣೆಯಾಗುವುದು ಶೇ 28. ಉಳಿದದ್ದು ನೇರ ಹೊಳೆಗೆ. ನಮ್ಮ ನದಿಗಳಲ್ಲಿ ಔಷಧ ಇರುವುದಂತೂ ಖಚಿತ. ಐಐಟಿ ಮದ್ರಾಸ್‌ನ ತಂಡ ಕಾವೇರಿಯನ್ನು ಎರಡು ವರ್ಷ ಪರೀಕ್ಷಿಸಿ 2021ರಲ್ಲಿ ವರದಿ ಕೊಟ್ಟಾಗ ಐಬುಪ್ರೊಫೇನ್, ಡೈಕ್ಲೊಫೆನಾಕ್, ಅಟೆನೊಲಾಲ್, ಸಿಪ್ರೊಫ್ಲಾಕ್ಸಸಿನ್ ಎಲ್ಲವೂ ಅದರಲ್ಲಿದ್ದವು.

ಸರಿ, ಈ ನೀರಿನಿಂದ ನಮ್ಮ ಮೀನುಗಳಿಗೆ ತೊಂದರೆಯಾಗಿದ್ದರೆ ನಮಗೆ ಗೊತ್ತಾಗುತ್ತಿರಲಿಲ್ಲವೇ? ಗೊತ್ತಾಗುತ್ತಿರಲಿಲ್ಲ. ಕಾರಣ, ಕಟಕ್‌ನಲ್ಲಿ ಶುರುವಾದ ಆ ಇಂಜೆಕ್ಷನ್. ನಮ್ಮ ಕೆರೆಗಳ ಕಟ್ಲಾ, ರೋಹು ಕೆರೆಯಲ್ಲಿ ಹುಟ್ಟಿದವಲ್ಲ. ಮೀನುಗಾರಿಕೆ ಇಲಾಖೆಯೋ ಸಹಕಾರ ಸಂಘವೋ ಗುತ್ತಿಗೆದಾರನೋ ಬೇರೆಡೆಯಿಂದ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮರಿ ತಂದು ಬಿಡುತ್ತಾರೆ. ಅವು ಬೆಳೆಯುತ್ತವೆ, ಬಲೆಗೆ ಬೀಳುತ್ತವೆ, ಮರುವರ್ಷ ಮತ್ತೆ ಮರಿ ಬರುತ್ತದೆ. ಕೆರೆಯಲ್ಲಿರುವ ಗಂಡು ರೋಹುವಿನ ವೃಷಣ ಸರಿಯಿದ್ದರೂ ಇಲ್ಲದಿದ್ದರೂ ಗುತ್ತಿಗೆದಾರನ ತಕ್ಕಡಿಯಲ್ಲಿ ವ್ಯತ್ಯಾಸವಿಲ್ಲ. ಕೆನಡಾದಲ್ಲಿ ಮಿನ್ನೋ ಮಾಯವಾದದ್ದು ಗೊತ್ತಾಗಿದ್ದು ಹೊರಗಿನಿಂದ ಯಾರೂ ಮಿನ್ನೋ ತಂದು ಸುರಿಯದ ಕಾರಣಕ್ಕೆ. ನಮ್ಮಲ್ಲಿ ಮೀನಿನ ಉತ್ಪಾದನೆಯ ಅಂಕಿ ಏರುತ್ತಲೇ ಇರುತ್ತದೆ, ಆ ಅಂಕಿಗೂ ಕೆರೆಯ ಆರೋಗ್ಯಕ್ಕೂ ಸಂಬಂಧ ಕಡಿದು ಬಹಳ ಕಾಲವಾಯಿತು.

ಕೆರೆಯಲ್ಲೇ ಹುಟ್ಟಿ ಕೆರೆಯಲ್ಲೇ ಮರಿ ಮಾಡುವವು ಪಕ್ಕೆ, ಸಣ್ಣ ಗೆಂಡೆ, ಕೊರಮೀನಿನಂಥವು. ಪೆಟ್ಟು ಬಿದ್ದರೆ ಮೊದಲು ಬೀಳುವುದು ಇವಕ್ಕೆ. ಇವುಗಳ ಲೆಕ್ಕ ಇಡುವವರಿಲ್ಲ. ‘ಮೊದಲಿನ ಸಣ್ಣ ಮೀನು ಈಗ ಸಿಗಲ್ಲ’ ಎಂದು ಕೆರೆ ದಂಡೆಯ ಹಿರಿಯರು ಹೇಳುತ್ತಾರೆ ನಿಜ, ಆದರೆ ಅದಕ್ಕೆ ಹೂಳು, ಆಫ್ರಿಕನ್ ಕ್ಯಾಟ್‌ಫಿಶ್, ಜಿಲೇಬಿ ಮೀನಿನ ಹಾವಳಿ, ಕೀಟನಾಶಕ, ಆಮ್ಲಜನಕದ ಕೊರತೆ ಎಲ್ಲವೂ ಕಾರಣವಾಗಬಹುದು. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಪೇಂದ್ರ ನೊಂಗ್ತೊಂಬ ಅವರ ತಂಡ ಕೆಆರ್‌ಎಸ್ ಬಳಿಯ ಕಾವೇರಿ ನೀರಿನಲ್ಲಿ ಜೀಬ್ರಾ ಮೀನಿನ ಭ್ರೂಣ ಬೆಳೆಸಿ ನೋಡಿತು. ನಿಂತ ಮತ್ತು ನಿಧಾನ ಹರಿಯುವ ನೀರಿನಲ್ಲಿ ಬೆಳೆದವಕ್ಕೆ ಮೂಳೆ ಸೊಟ್ಟಗಾಯಿತು, ಹೃದಯಕ್ಕೆ ಹಾನಿಯಾಯಿತು. ಅಲ್ಲಿ ಸಂಶಯ ಹೋದದ್ದು ಮೈಕ್ರೊಪ್ಲಾಸ್ಟಿಕ್ ಮತ್ತು ಅದರ ಜೊತೆಗಿನ ರಾಸಾಯನಿಕಗಳ ಕಡೆಗೆ. ಒಂದೇ ನೀರಿನಲ್ಲಿ ಹತ್ತು ಆರೋಪಿಗಳಿರುವಾಗ ಹಾರ್ಮೋನಿನ ಪಾಲನ್ನು ಬೇರೆ ಮಾಡಿ ಹೇಳಬೇಕಾದರೆ ಹಾರ್ಮೋನನ್ನೇ ಹುಡುಕಬೇಕು.

ಹುಡುಕಿ ಎನ್ನುವ ಕಾನೂನು ನಮ್ಮಲ್ಲಿಲ್ಲ. ಘಟಕದ ನೀರಿಗೆ ಬಿಒಡಿ (ಕೊಳೆ ಒಡೆಯಲು ಬೇಕಾಗುವ ಆಮ್ಲಜನಕದ ಅಳತೆ), ತೇಲುವ ಕಣ, ಕೋಲಿಫಾರ್ಮ್ ಎಂಬ ಮಲದ ಬ್ಯಾಕ್ಟೀರಿಯಾ ಇತ್ಯಾದಿ ನೋಡುತ್ತಾರೆ. ಔಷಧ ಕಾರ್ಖಾನೆಗಳಿಗೆ ಆಂಟಿಬಯಾಟಿಕ್ ಉಳಿಕೆಯ ಮಿತಿ ಹಾಕಲು ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ ಕರಡು ಹೊರಡಿಸಿತ್ತು, 121 ಔಷಧಗಳ ಪಟ್ಟಿಯಿತ್ತು. 2021ರ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಭಾಗವೇ ಮಾಯ. ಜಗತ್ತೇ ಬೊಬ್ಬೆ ಹೊಡೆದ ಆಂಟಿಬಯಾಟಿಕ್‌ಗೇ ಈ ಗತಿಯಾದರೆ ಹಾರ್ಮೋನಿನ ಮಾತು ಎತ್ತುವವರಾರು.

ಶ್ರೀಮಂತ ದೇಶಗಳೂ ಇದರಲ್ಲಿ ಸಲೀಸಾಗಿ ಗೆದ್ದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಎಥಿನೈಲ್ ಎಸ್ಟ್ರಡಯಾಲ್ ತೆಗೆಯಲು 3,000 ಕೋಟಿ ಪೌಂಡ್‌ನಷ್ಟು ಖರ್ಚಾಗಬಹುದೆಂದು 2012ರಲ್ಲಿ ಅಂದಾಜು ಮಾಡಿದಾಗ ಯುರೋಪಿನ ಆ 0.035ರ ಮಿತಿ ಮೂಲೆ ಸೇರಿತು. ಸ್ವಿಟ್ಜರ್ಲೆಂಡ್ ಮಾತ್ರ 2016ರಿಂದ ತಲೆಗೆ ವರ್ಷಕ್ಕೆ ಗರಿಷ್ಠ 9 ಫ್ರಾಂಕ್ ಶುಲ್ಕ ಹಾಕಿ, ಆಯ್ದ ಘಟಕಗಳಿಗೆ ಓಜೋನ್ ಅಥವಾ ಸಕ್ರಿಯ ಇದ್ದಿಲಿನ ಹಂತ ಸೇರಿಸುತ್ತ ಬಂದಿದೆ. ಯುರೋಪಿಯನ್ ಒಕ್ಕೂಟ 2024ರಲ್ಲಿ ಇದೇ ದಾರಿ ಹಿಡಿದು, ದೊಡ್ಡ ಘಟಕಗಳೆಲ್ಲ 2045ರೊಳಗೆ ನಾಲ್ಕನೇ ಹಂತ ಅಳವಡಿಸಬೇಕು, ಖರ್ಚಿನ ಕನಿಷ್ಠ ಶೇ 80ನ್ನು ಔಷಧ ಮತ್ತು ಪ್ರಸಾಧನ ಕಂಪನಿಗಳು ಕೊಡಬೇಕು ಎಂದು ವಿಧಿಸಿತು. ಕಂಪನಿಗಳು ಕೋರ್ಟಿಗೆ ಹೋಗಿವೆ.

ನಾಲ್ಕನೇ ಹಂತದ ಕನಸು ನಮಗೆ ಸದ್ಯಕ್ಕೆ ದೂರ, ಎರಡನೆಯದೇ ಪೂರ್ತಿಯಾಗಿಲ್ಲ. ಆದರೆ ಒಂದು ಅನುಕೂಲವಿದೆ. ಅಮೋನಿಯಾ ತೆಗೆಯುವಂತೆ ಸರಿಯಾಗಿ ನಡೆಯುವ, ಕೆಸರನ್ನು ಹತ್ತು ಹದಿನೈದು ದಿನ ಉಳಿಸಿಕೊಳ್ಳುವ ಘಟಕ ಎಸ್ಟ್ರೊಜೆನ್ ಅನ್ನೂ ಹೆಚ್ಚು ತೆಗೆಯುತ್ತದೆ. ಇದಕ್ಕೆ ಹೊಸ ತಂತ್ರಜ್ಞಾನ ಬೇಡ. ಗಾಳಿಯೂದುವ ಮೋಟರನ್ನು ಕರೆಂಟು ಉಳಿಸಲು ರಾತ್ರಿ ಆರಿಸದಿದ್ದರೆ ಆದೀತು. ಇನ್ನು ಅವಧಿ ಮೀರಿದ ಮಾತ್ರೆಗಳನ್ನು ವಾಪಸ್ ಪಡೆಯುವ ಕೇರಳದ 2025ರ ಯೋಜನೆ ಒಳ್ಳೆಯದೇ, ಆದರೆ ಹಾರ್ಮೋನಿನ ಮಟ್ಟಿಗೆ ಅದರ ಫಲ ಅಷ್ಟಕ್ಕಷ್ಟೆ. ಔಷಧ ಹೊಳೆ ಸೇರುವುದು ಹೆಚ್ಚಾಗಿ ದೇಹದ ಮೂಲಕ. ‘ಈ ಮೀನು ತಿಂದರೆ ನಮಗೇನಾಗುತ್ತೆ?’ ಎಂಬ ಪ್ರಶ್ನೆಗೂ ಚುಟುಕಾದ ಉತ್ತರ: ಹಾರ್ಮೋನಿನ ಮಟ್ಟಿಗೆ ಹೆದರುವಂಥದ್ದು ಕಂಡುಬಂದಿಲ್ಲ, ಹಾಲಿನಲ್ಲಿ ಸಹಜವಾಗಿ ಇರುವ ಎಸ್ಟ್ರೊಜೆನ್ ಅದಕ್ಕಿಂತ ಹೆಚ್ಚಿರಬಹುದು. ಕೊಳಚೆ ನೀರಿನ ಮೀನಿನಲ್ಲಿ ಸೀಸ, ಕ್ಯಾಡ್ಮಿಯಂ ಬಗ್ಗೆ ಚಿಂತಿಸುವುದು ಹೆಚ್ಚು ಸರಿ.

ಪತ್ತೆಗೆ ದುಬಾರಿ ಯಂತ್ರವೇ ಬೇಕೆಂದೇನಿಲ್ಲ. ಸೊಳ್ಳೆ ಮರಿ ತಿನ್ನಲಿ ಎಂದು ಆರೋಗ್ಯ ಇಲಾಖೆ ದಶಕಗಳಿಂದ ಕೆರೆ, ಬಾವಿಗಳಿಗೆ ಗಂಬೂಸಿಯಾ ಮತ್ತು ಗಪ್ಪಿ ಬಿಡುತ್ತ ಬಂದಿದೆ. ಗಂಬೂಸಿಯಾ ಹೊರನಾಡಿನದು, ನಾಡ ಮೀನಿಗೆ ಕಂಟಕ, ಅದರ ಬಗ್ಗೆ ನನಗೆ ಪ್ರೀತಿಯೇನಿಲ್ಲ. ಆದರೆ ಅದು ಕೆರೆಯಲ್ಲೇ ಮರಿ ಹಾಕುವ ಮೀನು, ಮತ್ತು ಗಂಡಿನ ಹೊಟ್ಟೆಯಡಿಯ ಹಿಂದಿನ ರೆಕ್ಕೆ ಗಂಡು ಹಾರ್ಮೋನಿನ ಅಪ್ಪಣೆಯಂತೆ ಉದ್ದವಾಗಿ ಕೊಳವೆಯಂತಾಗುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಕಾಗದ ಕಾರ್ಖಾನೆಯ ನೀರು ಸೇರುವ ತೊರೆಯಲ್ಲಿ ಹೆಣ್ಣು ಗಂಬೂಸಿಯಾಗಳಿಗೂ ಆ ರೆಕ್ಕೆ ಬೆಳೆದದ್ದು 1980ರಲ್ಲೇ ವರದಿಯಾಗಿತ್ತು. ಸ್ತ್ರೀ ಹಾರ್ಮೋನು ಹೆಚ್ಚಾದರೆ ಗಂಡಿನ ರೆಕ್ಕೆ ಮೋಟಾಗುತ್ತದೆ. ಲಕ್ಷ್ಮೀಸಾಗರದಲ್ಲಿ ಒಂದು ಬಲೆ, ಕೊಳಚೆ ನೀರು ಸೇರದ ಕೆರೆಯೊಂದರಲ್ಲಿ ಇನ್ನೊಂದು ಬಲೆ ಹಾಕಿ, ಎರಡರ ಗಂಡು ಮೀನುಗಳ ರೆಕ್ಕೆಯನ್ನು ಭೂತಗನ್ನಡಿಯಡಿ ಅಳೆದು ಹೋಲಿಸಬಹುದು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರ ಒಂದು ಪ್ರಬಂಧಕ್ಕೆ ಆಗುವಷ್ಟು ಕೆಲಸ. ವ್ಯತ್ಯಾಸ ಕಂಡರೆ ಆಮೇಲೆ ರಕ್ತದ ವೈಟೆಲೊಜೆನಿನ್, ನೀರಿನ ನ್ಯಾನೊಗ್ರಾಂ ಪರೀಕ್ಷೆಗೆ ಹಣ ಕೇಳಲು ಒಂದು ಕಾರಣವಾದರೂ ಕೈಯಲ್ಲಿರುತ್ತದೆ.